ಆನ್‌ಫೀಲ್ಡ್‌ನಲ್ಲಿ ಎಝೆ ಬೆಂಚ್ ಮೇಲೆ: ಆರ್ಸೆನಲ್ ಇವರನ್ನೆಲ್ಲ ಕೊಂಡದ್ದು ಯಾಕೆ?

ಹೈಬರಿ_ನೆನಪು

2025ರ ಆಗಸ್ಟ್ 31ರ ಭಾನುವಾರ ಲಿವರ್‌ಪೂಲ್ ಮೈದಾನ ಆನ್‌ಫೀಲ್ಡ್‌ನಲ್ಲಿ ನಮ್ಮ ಆರ್ಸೆನಲ್ 0-1 ಸೋತದ್ದು ನನಗಿನ್ನೂ ಅರಗಿಲ್ಲ. ಲಿವರ್‌ಪೂಲ್‌ನ ಸೊಬೊಸ್ಲಾಯ್ 83ನೇ ನಿಮಿಷದಲ್ಲಿ ಅಷ್ಟು ದೂರದಿಂದ ಹೊಡೆದ ಫ್ರೀ ಕಿಕ್‌ಗೆ ಯಾರನ್ನೂ ಬೈಯಲ್ಲ. ಅಂಥ ಹೊಡೆತಕ್ಕೆ ಯಾವ ಗೋಲ್‌ಕೀಪರ್ ಹತ್ತಿರವೂ ಉತ್ತರ ಇರಲ್ಲ. ನನ್ನ ಸಂಕಟ ಅದಕ್ಕೆ ಮುಂಚಿನ 82 ನಿಮಿಷದ್ದು.

ಸೊಬೊಸ್ಲಾಯ್ ಅವತ್ತು ಆಡಿದ್ದು ರೈಟ್ ಬ್ಯಾಕ್ ಜಾಗದಲ್ಲಿ. ಮಿಡ್‌ಫೀಲ್ಡ್ ಹುಡುಗ, ಬೇರೆಯವರ ಜಾಗ ತುಂಬೋಕೆ ನಿಂತವನು. ಚಾಂಪಿಯನ್ ತಂಡದ ಮನೆಯಲ್ಲಿ ಅಂಥದೊಂದು ಸಂದು ಕಂಡಾಗ ನಾವು ಅಲ್ಲೇ ಮತ್ತೆ ಮತ್ತೆ ನುಗ್ಗಬೇಕಿತ್ತು. ಆದರೆ ಮಾರ್ಟಿನೆಲ್ಲಿ ಎಡಗಡೆ ಒಬ್ಬನೇ ನಿಂತಿದ್ದ. ಪಕ್ಕದಲ್ಲಿ ಕೊಟ್ಟು ತಗೊಳ್ಳೋಕೆ ಯಾರೂ ಇಲ್ಲ. ಮಧ್ಯದಲ್ಲಿ ರೈಸ್, ಝುಬಿಮೆಂಡಿ, ಮೆರಿನೊ. ಮೂವರೂ ಗಟ್ಟಿ ಆಟಗಾರರೇ, ಆದರೆ ಮೂವರಿಗೂ ಮೊದಲು ನೆನಪಾಗೋದು ಚೆಂಡು ಕಳೆದುಕೊಳ್ಳಬಾರದು ಅನ್ನೋದು. ಎದುರಾಳಿ ಕ್ಲಬ್ ಟಾಟನಂ ಕೈಯಿಂದ ಕಿತ್ತುಕೊಂಡು ತಂದ ದಾಳಿಕೋರ ಮಿಡ್‌ಫೀಲ್ಡರ್ ಎಝೆ 70 ನಿಮಿಷದ ತನಕ ಬೆಂಚ್ ಮೇಲೆ ಕೂತಿದ್ದ.

ಈ ಬೇಸಿಗೆಯಲ್ಲಿ ಕ್ಲಬ್ 25 ಕೋಟಿ ಪೌಂಡ್‌ಗೂ ಹೆಚ್ಚು ಸುರಿದಿದೆ. ಆಟಗಾರರು ಹೊಸಬರು, ಆದರೆ ಎದೆಯೊಳಗಿನ ಅಳುಕು ಹಳೇದೇ. ಹಾಗಿದ್ದ ಮೇಲೆ ಖರೀದಿ ಯಾವ ಆಟಕ್ಕೆ ಅಂತ ಆಯ್ತು? ನಿಮ್ಮ ಅಭಿಪ್ರಾಯ ಹೇಳಿ.

ಎಡಗಾಲು

ಅಣ್ಣ, ನಿಮ್ಮ ಬೇಜಾರು ಅರ್ಥ ಆಗುತ್ತೆ, ಆದ್ರೆ ಆ ದಿನದ ಪರಿಸ್ಥಿತಿನೂ ನೋಡಿ. ಬಲಗಡೆ ಆಡೋ ಸಾಕಾ ಗಾಯದಿಂದ ಇಲ್ಲ. ಸ್ಟ್ರೈಕರ್ ಹಾವರ್ಟ್ಸ್ ಮಂಡಿಗೆ ಆಪರೇಷನ್. ಓಡೆಗಾರ್ಡ್ ಲೀಡ್ಸ್ ಮ್ಯಾಚಲ್ಲಿ ಭುಜ ನೋವು ಮಾಡ್ಕೊಂಡವನು, ಪೂರ್ತಿ ಆಡೋ ಸ್ಥಿತಿಲಿ ಇರ್ಲಿಲ್ಲ. ಐದೇ ನಿಮಿಷಕ್ಕೆ ಸಲೀಬಾನೂ ಹೊರಗೆ ಹೋದ. 21 ವರ್ಷದ ಮೊಸ್ಕೆರಾ ಬಂದು ಆನ್‌ಫೀಲ್ಡ್‌ನಲ್ಲಿ ನಿಂತ್ಕೊಂಡ, ನಿಂತ್ಕೊಂಡಿದ್ದಷ್ಟೇ ಅಲ್ಲ, ಅದ್ಭುತವಾಗಿ ಆಡಿದ. ಎಝೆ ನಮ್ಮ ಜೊತೆ ಅಭ್ಯಾಸ ಮಾಡಿದ್ದು ಒಂದೇ ವಾರ. ಅವನನ್ನ ಶುರುವಿಂದ ಇಳಿಸಿ ಎರಡು ಗೋಲು ಬಿಟ್ಟಿದ್ರೆ "ಹೊಸಬನನ್ನ ಯಾಕೆ ಹಾಕಿದ್ರಿ" ಅಂತ ಕೇಳ್ತಿದ್ವಿ.

ಅಲ್ಲಿ 0-0 ಆಗಿದ್ರೆ ಒಳ್ಳೆ ಫಲಿತಾಂಶ ಅಂತಾನೇ ಅಂತಿದ್ವಿ. ಒಂದು ಫ್ರೀ ಕಿಕ್ ನೋಡಿ ಇಡೀ ಯೋಜನೆ ತಪ್ಪು ಅನ್ನೋದು ಸರಿ ಅನ್ಸಲ್ಲ ನಂಗೆ.

ಹೈಬರಿ_ನೆನಪು

ಒಂದು ಫ್ರೀ ಕಿಕ್ ನೋಡಿ ಹೇಳ್ತಿಲ್ಲ ತಮ್ಮಾ. ಮೂರು ಸೀಸನ್ ನೋಡಿ ಹೇಳ್ತಿದ್ದೀನಿ.

2022-23ರಲ್ಲಿ 248 ದಿನ ಮೊದಲ ಸ್ಥಾನದಲ್ಲಿದ್ದು ಕಪ್ ಬಿಟ್ಟುಕೊಟ್ಟೆವು. ಎದೆ ಒಡೆದುಹೋಯ್ತು, ಆದರೂ 88 ಗೋಲಿನ ಆ ತಂಡವನ್ನ ನೋಡೋದೇ ಹಬ್ಬ. 2023-24ರಲ್ಲಿ 91 ಗೋಲು ಹೊಡೆದು ಬರೀ 29 ಬಿಟ್ಟೆವು, 89 ಅಂಕ. ಮ್ಯಾಂಚೆಸ್ಟರ್ ಸಿಟಿ 91 ಅಂಕ ತಗೊಂಡು ಮುಂದೆ ಹೋಯ್ತು, ಅದಕ್ಕೆ ನಾವೇನೂ ಮಾಡೋ ಹಾಗಿರಲಿಲ್ಲ. ಹೋದ ವರ್ಷ? 69 ಗೋಲು. 14 ಡ್ರಾ.

ಈಗ ಇದನ್ನ ಗಮನಿಸು. ಹೋದ ಸೀಸನ್‌ನಲ್ಲಿ ನಾವು ಸೋತದ್ದು ನಾಲ್ಕೇ ಪಂದ್ಯ. ಚಾಂಪಿಯನ್ ಲಿವರ್‌ಪೂಲ್ ಸೋತದ್ದೂ ನಾಲ್ಕೇ. ಅವರು 84 ಅಂಕ, ನಾವು 74. ನಡುವಿನ ಆ ಹತ್ತು ಅಂಕ ಪೂರಾ ಡ್ರಾದಲ್ಲಿ ಹೋಗಿದೆ. ಸೋಲು ತಪ್ಪಿಸೋದರಲ್ಲಿ ನಾವು ಅವರಷ್ಟೇ ಸಮರ್ಥರು. ಗೆಲ್ಲೋಕೆ ಮುನ್ನುಗ್ಗೋ ಹೊತ್ತಲ್ಲಿ ಹಿಂದೆ ಬಿದ್ದೆವು. ಇದನ್ನೇ ಅಳುಕು ಅಂದದ್ದು ನಾನು.

ಕಾರ್ನರ್_ಧ್ವಜ

ಅಂಕಿ ಸರಿ ಸರ್, ಕಾರಣ ಸರಿಯಿಲ್ಲ.

ಆ 14 ಡ್ರಾಗಳಲ್ಲಿ ಕೆಲವನ್ನ ಬಿಡಿಸಿ ನೋಡೋಣ. 2024ರ ಆಗಸ್ಟ್‌ನಲ್ಲಿ ಬ್ರೈಟನ್ ಎದುರು 1-0 ಮುಂದಿದ್ದಾಗ ರೈಸ್‌ಗೆ ರೆಡ್ ಕಾರ್ಡ್, ಪಂದ್ಯ 1-1. ಮುಂದಿನ ತಿಂಗಳು ಸಿಟಿ ಮನೆಯಲ್ಲಿ 2-1 ಮುಂದಿದ್ದಾಗ ಟ್ರೊಸಾರ್‌ಗೆ ರೆಡ್ ಕಾರ್ಡ್, ದ್ವಿತೀಯಾರ್ಧ ಪೂರ್ತಿ ಹತ್ತು ಜನ ಗೋಡೆಯ ಹಾಗೆ ನಿಂತರು. ಹೆಚ್ಚುವರಿ ಸಮಯದ ಎಂಟನೇ ನಿಮಿಷದಲ್ಲಿ ಸ್ಟೋನ್ಸ್ ಗೋಲು ಹೊಡೆದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇದರಲ್ಲಿ ಕೋಚ್ ಆರ್ಟೆಟಾ ಅವರ ಅಳುಕು ಎಲ್ಲಿ ಬಂತು?

ಆಮೇಲೆ ಡಿಸೆಂಬರ್‌ನಲ್ಲಿ ಸಾಕಾ ತೊಡೆಯ ಸ್ನಾಯು ಹೋಯ್ತು. ಜನವರಿಯಲ್ಲಿ ಜೆಸುಸ್ ಮಂಡಿ. ಫೆಬ್ರವರಿಯಲ್ಲಿ ಹಾವರ್ಟ್ಸ್. ಲೆಸ್ಟರ್‌ನಲ್ಲಿ ಸ್ಟ್ರೈಕರೇ ಇಲ್ಲದೆ ಮೆರಿನೊನನ್ನ ಮುಂದೆ ನಿಲ್ಲಿಸಿ, ಅವನೇ ಎರಡು ಗೋಲು ಹೊಡೆದು ಗೆಲ್ಲಿಸಿದ. ಮುಂಚೂಣಿಯ ಮೂವರೂ ಆಸ್ಪತ್ರೆ ಸೇರಿದ ತಂಡ 91 ಗೋಲು ಹೊಡೆಯಲ್ಲ.

ಇನ್ನೊಂದು ಮಾತು. "ಸೆಟ್ ಪೀಸ್ (ಕಾರ್ನರ್, ಫ್ರೀ ಕಿಕ್) ತಂಡ" ಅಂತ ನಮ್ಮವರೇ ಮೂಗು ಮುರಿಯೋದು ನೋಡಿದಾಗ ನಿಜವಾಗಲೂ ನೋವಾಗುತ್ತೆ. ಸೆಟ್ ಪೀಸ್ ಕೋಚ್ ನಿಕೊಲಾಸ್ ಜೊವೆರ್ 2021ರಲ್ಲಿ ಸಿಟಿ ಬಿಟ್ಟು ಬಂದ ಮೇಲೆ ಒಂದೊಂದು ಕಾರ್ನರನ್ನೂ ಎಷ್ಟು ಸೂಕ್ಷ್ಮವಾಗಿ ಕಟ್ಟಿದ್ದಾರೆ ಅಂತ ಒಮ್ಮೆ ನಿಧಾನಕ್ಕೆ ಹಾಕಿ ನೋಡಿ. ಎಡಗಡೆಯಿಂದ ರೈಸ್, ಬಲಗಡೆಯಿಂದ ಸಾಕಾ, ಎರಡೂ ಚೆಂಡು ಗೋಲಿನ ಕಡೆಗೇ ಬಾಗಿ ಬರುತ್ತೆ. ಎಲ್ಲರೂ ದೂರದ ಕಂಬದ ಹತ್ತಿರ ಗುಂಪು ಕಟ್ಟಿಕೊಂಡು ನಿಂತಿರ್ತಾರೆ. ಕಿಕ್ ಹೊಡೆಯೋ ಕ್ಷಣಕ್ಕೆ ಗುಂಪು ಒಡೆಯುತ್ತೆ. ಒಬ್ಬ ಗೋಲ್‌ಕೀಪರ್ ಮುಂದೆ ಜಾಗ ಹಿಡೀತಾನೆ, ಇಬ್ಬರು ಎದುರಾಳಿಗಳ ದಾರಿಗೆ ಅಡ್ಡ ಬರ್ತಾರೆ, ಗೇಬ್ರಿಯೆಲ್ ಆರೇಳು ಹೆಜ್ಜೆ ಓಡಿ ಬಂದು ಹಾರ್ತಾನೆ. ನಿಂತ ಜಾಗದಲ್ಲೇ ಹಾರೋ ಡಿಫೆಂಡರ್‌ಗೆ ಓಡಿ ಬಂದು ಹಾರೋನ ಎತ್ತರ ಸಿಗಲ್ಲ. 2023-24ರಲ್ಲಿ ಕಾರ್ನರ್‌ನಿಂದಲೇ 16 ಗೋಲು. ಈ ಸೀಸನ್‌ನ ಮೊದಲ ಗೋಲೂ ಅದೇ, ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ರೈಸ್ ಕಾರ್ನರ್, ಕಲಾಫಿಯೋರಿ ತಲೆ, 1-0. ಪಾಸ್ ಮಾಡಿ ಹೊಡೆದ ಗೋಲಿಗೆ ಎಷ್ಟು ತಲೆ ಓಡಿಸಬೇಕೋ ಇದಕ್ಕೂ ಅಷ್ಟೇ ಓಡಿಸಬೇಕು.

ಹೈಬರಿ_ನೆನಪು

ಕಾರ್ನರ್ ಬಗ್ಗೆ ನೀವು ಬರೆದದ್ದು ಓದಿ ಖುಷಿಯಾಯ್ತು, ಅದರಲ್ಲಿ ನನ್ನ ತಕರಾರಿಲ್ಲ. ಗಾಯದ ಮಾತೂ ಒಪ್ತೀನಿ. ಜನವರಿಯಲ್ಲಿ ಒಬ್ಬ ಸ್ಟ್ರೈಕರನ್ನ ತರದೇ ಇದ್ದದ್ದು ಆ ಸೀಸನ್‌ನ ದೊಡ್ಡ ತಪ್ಪು, ಅದು ಕೋಚ್ ತಲೆ ಮೇಲೆ ಹಾಕೋದಲ್ಲ. ಖರೀದಿ ನೋಡಿಕೊಳ್ತಿದ್ದ ಕ್ರೀಡಾ ನಿರ್ದೇಶಕ ಎಡು ನವೆಂಬರ್‌ನಲ್ಲೇ ಬಿಟ್ಟು ಹೋಗಿದ್ರು, ಅವರ ಜಾಗಕ್ಕೆ ಬೆರ್ಟಾ ಬಂದದ್ದು ಮಾರ್ಚ್‌ನಲ್ಲಿ. ಸಂತೆಗೆ ಹೋಗೋ ಹೊತ್ತಲ್ಲಿ ಮನೆಯಲ್ಲಿ ಯಜಮಾನನೇ ಇರಲಿಲ್ಲ.

ಆದರೆ ಈಗ ಯಜಮಾನ ಇದ್ದಾನೆ, ದುಡ್ಡು ಇದೆ, ಸಾಮಾನೂ ಬಂದಿದೆ. ಆದರೂ ಆನ್‌ಫೀಲ್ಡ್‌ನಲ್ಲಿ ಮೂವರು ಕಾವಲುಗಾರರನ್ನ ಮಧ್ಯದಲ್ಲಿ ನಿಲ್ಲಿಸಿದರು. ನನ್ನ ಪ್ರಶ್ನೆ ಅಲ್ಲೇ ನಿಂತಿದೆ.

ಲೆಕ್ಕ_ಪುಸ್ತಕ

ಆಟದ ವಿಷಯ ನೀವೆಲ್ಲ ಬಲ್ಲವರು. ನಾನು ದುಡ್ಡಿನ ಬಗ್ಗೆ ಹೇಳ್ತೀನಿ, ಯಾಕಂದ್ರೆ "25 ಕೋಟಿ ಸುರಿದರು" ಅನ್ನೋ ಮಾತು ಅರ್ಧ ಕಥೆ.

ಕ್ಲಬ್ಬುಗಳು ಆಟಗಾರನ ಬೆಲೆಯನ್ನ ಒಂದೇ ವರ್ಷದ ಖರ್ಚು ಅಂತ ಬರೆಯಲ್ಲ. ಕರಾರು ಎಷ್ಟು ವರ್ಷವೋ ಅಷ್ಟಕ್ಕೆ ಹಂಚ್ತಾರೆ. ಐದು ವರ್ಷಕ್ಕಿಂತ ಹೆಚ್ಚು ಹಂಚುವ ಹಾಗಿಲ್ಲ ಅಂತ ಪ್ರೀಮಿಯರ್ ಲೀಗ್ 2023ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ರೈಸ್‌ಗೆ 10 ಕೋಟಿ ಪೌಂಡ್ ಕೊಟ್ಟರೆ ಲೆಕ್ಕದಲ್ಲಿ ವರ್ಷಕ್ಕೆ 2 ಕೋಟಿ. ಮಾರಿದಾಗ ಮಾತ್ರ ಉಳಿದ ಬಾಕಿ ಕಳೆದು ಬಂದದ್ದೆಲ್ಲ ಆ ವರ್ಷದ ಆದಾಯಕ್ಕೇ ಸೇರುತ್ತೆ. ನಮ್ಮ ಅಕಾಡೆಮಿ ಹುಡುಗನಿಗೆ ಖರೀದಿ ಬೆಲೆಯೇ ಇಲ್ಲ, ಹಾಗಾಗಿ ಮಾರಿದ್ದೆಲ್ಲ ಶುದ್ಧ ಲಾಭ. 2023ರಲ್ಲಿ ಬಲೊಗುನ್ ಮೊನಾಕೊಗೆ, 2024ರಲ್ಲಿ ಸ್ಮಿತ್ ರೋ ಫುಲಂಗೆ, ಎನ್ಕೆಟಿಯಾ ಕ್ರಿಸ್ಟಲ್ ಪ್ಯಾಲೇಸ್‌ಗೆ. ಮೂವರೂ ಹೋದದ್ದಕ್ಕೆ ಇದೂ ಒಂದು ಕಾರಣ. ಮೂರು ವರ್ಷಕ್ಕೆ ಸೇರಿ ನಷ್ಟ 10.5 ಕೋಟಿ ಪೌಂಡ್ ದಾಟಬಾರದು ಅನ್ನೋ ಮಿತಿ ಈ 2025-26 ಸೀಸನ್‌ನಲ್ಲಿ ಎಲ್ಲರ ತಲೆ ಮೇಲೂ ಇದೆ.

ನಮ್ಮ ಹಳೇ ರೋಗ ಕೊಳ್ಳೋದಲ್ಲ, ಮಾರೋದು. ಪೆಪೆಗೆ 2019ರಲ್ಲಿ 7.2 ಕೋಟಿ ಕೊಟ್ಟೆವು, 2023ರಲ್ಲಿ ಕರಾರು ಮುರಿದು ಸುಮ್ಮನೆ ಕಳಿಸಿದೆವು. ಔಬಮೆಯಾಂಗ್‌ಗೆ 2018ರಲ್ಲಿ 5.6 ಕೋಟಿ, 2022ರಲ್ಲಿ ಬಿಡಿಗಾಸೂ ಬರಲಿಲ್ಲ. ಓಝಿಲ್ 2013ರಲ್ಲಿ ಬಂದಾಗ ಇಡೀ ಉತ್ತರ ಲಂಡನ್ ಕುಣಿದಿತ್ತು, 2021ರಲ್ಲಿ ಅವನೂ ಹಾಗೇ ಹೋದ. ಈ ಬೇಸಿಗೆಯಲ್ಲೂ ನೋಡಿ: ಪಾರ್ಟೆ, ಜೊರ್ಜಿನ್ಯೊ, ಟಿಯರ್ನಿ ಕರಾರು ಮುಗಿದು ಹೊರಟರು. ಝಿಂಚೆಂಕೊ, ಕಿವಿಯೋರ್, ಫಾಬಿಯೊ ವಿಯೆರಾ, ನೆಲ್ಸನ್ ಲೋನ್ ಮೇಲೆ, ಅಂದ್ರೆ ತಾತ್ಕಾಲಿಕವಾಗಿ, ಬೇರೆ ಕ್ಲಬ್ಬುಗಳಿಗೆ ಹೋದರು. ದೊಡ್ಡ ಮಾರಾಟ ಒಂದೂ ಇಲ್ಲ.

ಕೊಂಡದ್ದರಲ್ಲಿ ಮಾತ್ರ ಬೆರ್ಟಾ ಕೈ ಚೊಕ್ಕ ಅಂತೀನಿ. ಹೆಸರಿಗೋಸ್ಕರ ಯಾರನ್ನೂ ತಂದಿಲ್ಲ, ಪ್ರತಿಯೊಂದು ಖಾಲಿ ಜಾಗಕ್ಕೂ ಆಳು ಬಂದಿದೆ. ರೈಸ್ ಹಿಂದೆ ನಿಂತು ಚೆಂಡು ಹಂಚೋಕೆ ಝುಬಿಮೆಂಡಿ. ಸಾಕಾಗೆ ಬಿಡುವು ಕೊಡೋಕೆ ಮಡುವೆಕೆ. ಹಿಂದೆ ಮೊಸ್ಕೆರಾ, ಕೊನೇ ದಿನ ಹಿಂಕಾಪಿಯೆ, ಅದೂ ಲೋನ್ ಮೇಲೆ. ಲಿವರ್‌ಪೂಲ್ ಐಸಾಕ್ ಒಬ್ಬನಿಗೇ 12.5 ಕೋಟಿ ಕೊಟ್ಟಿದೆ, ಅದನ್ನೂ ಪಕ್ಕದಲ್ಲಿಟ್ಟು ನೋಡಿ.

ಎಡಗಾಲು

ಹೊಸ ಸ್ಟ್ರೈಕರ್ ಯೋಕೆರೆಸ್ ಬಗ್ಗೆ ಯಾರೂ ಮಾತಾಡ್ತಿಲ್ವಲ್ಲ? ಪೋರ್ಚುಗಲ್ ಲೀಗಲ್ಲಿ ಹೋದ ಸೀಸನ್ 39 ಗೋಲು ಹೊಡೆದವನು. ಲೀಡ್ಸ್ ಮೇಲೆ ಎಡಗಡೆಯಿಂದ ಓಡಿ ಒಳಗೆ ಬಂದು ಹೊಡೆದ ಗೋಲು ನೋಡಿದ್ರಾ? ಹಾವರ್ಟ್ಸ್ ಚೆಂಡು ತಗೊಳ್ಳೋಕೆ ಹಿಂದೆ ಬರ್ತಾನೆ. ಇವನು ಡಿಫೆಂಡರ್ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಓಡ್ತಾನೆ. ಅಂಥವನಿಗೆ ಚೆಂಡು ಬೇಗ ಬರ್ಬೇಕು. ನಾವು ಹತ್ತು ಪಾಸ್ ಮಾಡಿ ಎದುರಾಳಿ ಹಿಂದಕ್ಕೆ ಹೋಗಿ ಕೂತ ಮೇಲೆ ಕೊಟ್ರೆ ಅವನು ಓಡೋಕೆ ಜಾಗನೇ ಉಳಿದಿರಲ್ಲ.

ಹ್ಞೂ, ಈಗ ಬರೀತಾ ಬರೀತಾ ಅನ್ಸ್ತಿದೆ, ಹೈಬರಿ ಅಣ್ಣ ಹೇಳ್ತಿರೋದೂ ಇದನ್ನೇ.

ಉತ್ತರದ_ಗೂನರ್

ಎಲ್ಲಾರೂ ಕೊಂಡವರ ಬಗ್ಗೇನ ಮಾತಾಡಾಕತ್ತೀರಿ. ಮನ್ಯಾಗ ಬೆಳದ ಹುಡುಗೂರನ್ನ ಯಾರೂ ನೆನಸವಲ್ಲರಿ.

ಎನ್ವಾನೇರಿ 15 ವರ್ಷ 181 ದಿನಕ್ಕ ಬ್ರೆಂಟ್‌ಫರ್ಡ್ ಮ್ಯಾಲೆ ಕಣಕ್ಕಿಳದಾಂವ, ಪ್ರೀಮಿಯರ್ ಲೀಗ್‌ನಾಗ ಅವನಷ್ಟು ಸಣ್ಣ ವಯಸ್ಸಿನ್ಯಾಗ ಯಾರೂ ಆಡಿಲ್ಲ. ಹೋದ ವರ್ಷ ಸಾಕಾ ಇಲ್ಲದಾಗ ಬಲಗಡೆ ಅವನ ಎಳದ್ನಲ್ರೀ ಬಂಡಿ. ಈ ಬ್ಯಾಸಗ್ಯಾಗ ಹೊಸ ಕರಾರು ಮಾಡ್ಯಾನ. ಆದ್ರ ಎಝೆ ಬಂದ ಮ್ಯಾಲೆ, ಮಡುವೆಕೆ ಬಂದ ಮ್ಯಾಲೆ ಅವಂಗ ಜಾಗ ಎಲ್ಲೈತಿ ಹೇಳ್ರಿ? ಲೂಯಿಸ್-ಸ್ಕೆಲ್ಲಿ ಮಿಡ್‌ಫೀಲ್ಡ್‌ನ್ಯಾಗ ಬೆಳದಾಂವ. ಲೆಫ್ಟ್ ಬ್ಯಾಕ್ ಆಗಿ ಬರ್ನಬೇವುದಾಗ ರಿಯಲ್ ಮ್ಯಾಡ್ರಿಡ್ ಎದುರ ಎದಿ ಸೆಟಿಸಿ ಆಡಿದ. ಇಂಗ್ಲೆಂಡ್ ಪರ ಮೊದಲನೇ ಪಂದ್ಯದಾಗ ಗೋಲ್ ಹೊಡದ. ಈಗ ಕಲಾಫಿಯೋರಿ ಮುಂದದಾನ, ಹಿಂದಿಂದ ಹಿಂಕಾಪಿಯೆ ಬಂದಾನ.

ಲೆಕ್ಕದ ಸಾಹೇಬರು "ಅಕಾಡೆಮಿ ಹುಡುಗ ಮಾರಿದ್ರ ಶುದ್ಧ ಲಾಭ" ಅಂದ್ರು. ಆ ಮಾತು ಕೇಳಿದ್ರ ಹೊಟ್ಟಿ ಉರೀತೈತ್ರಿ. ಎಝೆ ಕಥಿ ಗೊತ್ತದ ಅಲ್ಲ? 13ನೇ ವಯಸ್ಸಿನ್ಯಾಗ ನಮ್ಮ ಅಕಾಡೆಮಿಯಿಂದನ ಹೊರಗ ಹಾಕಿಸ್ಕೊಂಡಾಂವ. ಅವತ್ತ ಇಟಗೊಂಡಿದ್ರ ಇವತ್ತ ಸುಮಾರು ಆರು ಕೋಟಿ ಪೌಂಡ್ ಕೊಡೋದು ತಪ್ಪತಿತ್ತು. ಇನ್ನೂ 15 ವರ್ಷದ ಡೌಮನ್ ಲೀಡ್ಸ್ ಮ್ಯಾಲೆ ಇಳದು ಪೆನಾಲ್ಟಿ ಗಳಿಸಿಕೊಟ್ಟ. ಕಾಲಾಗ ಚೆಂಡು ಬಂದ ಕೂಡಲೇ ಎದುರಿನಾಂವನ ಮ್ಯಾಲೆ ಹೋದ, ಒಂದ ಸಲಾನೂ ಹಿಂದಕ್ಕ ಕೊಡಲಿಲ್ಲ. ಧೈರ್ಯ ಬೇಕು ಅಂತ ಹೈಬರಿ ಅಣ್ಣಾರು ಕೇಳಾಕತ್ತಾರ. ಧೈರ್ಯ ಅಲ್ಲೈತ್ರಿ.

ಲೆಕ್ಕ_ಪುಸ್ತಕ

ಉತ್ತರದವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ನಿಯಮ ಹೀಗಿದೆ ಅಂದೆ, ಹೀಗಿರಬೇಕು ಅನ್ನಲಿಲ್ಲ. ಮನೆ ಹುಡುಗರನ್ನ ಮಾರಿದರೆ ಲೆಕ್ಕ ಚೆನ್ನಾಗಿ ಕಾಣೋ ಹಾಗೆ ಮಾಡಿರೋ ನಿಯಮ ನನಗೂ ಕೆಟ್ಟದ್ದೇ ಅನಿಸುತ್ತೆ. ಅದಕ್ಕೇ ಹೊರಗಿಂದ ಕೊಂಡವರನ್ನ ಬೆಲೆ ಇದ್ದಾಗ ಮಾರೋದು ಕಲೀಬೇಕು. ಅದು ಬಂದರೆ ಎನ್ವಾನೇರಿ ಮೇಲೆ ಯಾರ ಕಣ್ಣೂ ಬೀಳಲ್ಲ.

ಕೆಂಪುಬಿಳಿ

ಇಷ್ಟು ಹೊತ್ತು ಓದ್ತಾ ಕೂತಿದ್ದೆ. ನಮ್ಮ ಹೆಣ್ಣುಮಕ್ಕಳ ತಂಡವನ್ನ ಯಾರೂ ಪ್ರಸ್ತಾಪಿಸಲಿಲ್ಲ, ಅದಕ್ಕೆ ಬರೀತಿದ್ದೀನಿ. ಈ ಚರ್ಚೆಗೆ ಅಲ್ಲೊಂದು ಒಳ್ಳೆ ಉದಾಹರಣೆ ಇದೆ.

ಮೇ 24, ಲಿಸ್ಬನ್, ಚಾಂಪಿಯನ್ಸ್ ಲೀಗ್ ಫೈನಲ್, ಎದುರು ಬಾರ್ಸಿಲೋನಾ. ಚೆಂಡು ಜಾಸ್ತಿ ಹೊತ್ತು ಅವರ ಕಾಲಲ್ಲೇ ಇತ್ತು. ರೆನೆ ಸ್ಲೆಗರ್ಸ್ ತಂಡ ಹೆದರಿ ಹಿಂದೆ ಹೋಗಿ ಕೂರಲಿಲ್ಲ. ಶಿಸ್ತಾಗಿ ಜಾಗ ಮುಚ್ಚಿ, ಚೆಂಡು ಸಿಕ್ಕ ಕೂಡಲೇ ಮುಂದಕ್ಕೆ ಹೋಯ್ತು. ದ್ವಿತೀಯಾರ್ಧದಲ್ಲಿ ಬೆತ್ ಮೀಡ್ ಮತ್ತೆ ಬ್ಲಾಕ್‌ಸ್ಟೀನಿಯಸ್ ಬದಲಿ ಆಟಗಾರ್ತಿಯರಾಗಿ ಒಟ್ಟಿಗೆ ಬಂದರು. 74ನೇ ನಿಮಿಷದಲ್ಲಿ ಮೀಡ್ ಪಾಸ್, ಬ್ಲಾಕ್‌ಸ್ಟೀನಿಯಸ್ ಗೋಲು, 1-0. 2007ರ ನಂತರ ಮತ್ತೆ ಯುರೋಪಿನ ಕಪ್. ನಾನು ಅವತ್ತು ಅತ್ತುಬಿಟ್ಟೆ.

ನಾನು ಹೇಳೋದು ಇಷ್ಟು. ಹಿಡಿತ ಬೇಕೋ ಧೈರ್ಯ ಬೇಕೋ ಅಂತ ಎರಡು ಬಣ ಮಾಡಿಕೊಂಡು ಮಾತಾಡ್ತಿದ್ದೀವಿ. ಆ ದಿನ ಆ ತಂಡದ ಹತ್ತಿರ ಎರಡೂ ಇತ್ತು. ಸ್ಲೆಗರ್ಸ್ ಬದಲಿ ಮಾಡಿದ್ದು ಪಂದ್ಯ ಸಮವಾಗಿದ್ದಾಗ, ಗೆಲ್ಲೋಕೆ ಅಂತ. ಆರ್ಟೆಟಾ ಕೂಡ ಎಝೆ, ಓಡೆಗಾರ್ಡ್ ಇಬ್ಬರನ್ನೂ ಸಮವಾಗಿದ್ದಾಗಲೇ ಇಳಿಸಿದರು. ಗಟ್ಟಿ ಆಟ ಆಡಿ, ಎದುರಾಳಿ ಸುಸ್ತಾದ ಮೇಲೆ ಚಾಕಚಕ್ಯದವರನ್ನ ಬಿಡೋಣ ಅನ್ನೋದು ಯೋಜನೆ ಇದ್ದಿರಬಹುದು. ಫ್ರೀ ಕಿಕ್ ಅದನ್ನ ಕೆಡಿಸಿತು. ಹಾಗಾಗಿ ನಾನು ಪೂರ್ತಿ ಹೈಬರಿ ಸರ್ ಪಕ್ಷವೂ ಅಲ್ಲ, ಪೂರ್ತಿ ಎಡಗಾಲು ಪಕ್ಷವೂ ಅಲ್ಲ. ಆದರೆ 20 ನಿಮಿಷ ಕಡಿಮೆಯಾಯ್ತು. 55ನೇ ನಿಮಿಷಕ್ಕೆ ಇಳಿಸಬೇಕಿತ್ತು.

ಕಾರ್ನರ್_ಧ್ವಜ

55ನೇ ನಿಮಿಷ ಅನ್ನೋದನ್ನ ನಾನೂ ಒಪ್ತೀನಿ. ಮಡುವೆಕೆ ಅಷ್ಟು ಹೊತ್ತಿಗೆ ಬಲಗಡೆಯಿಂದ ಅವರನ್ನ ಚೆನ್ನಾಗಿ ಕಾಡ್ತಿದ್ದ, ಎಡಗಡೆಯೂ ಒತ್ತಡ ಬಿದ್ದಿದ್ರೆ ಕಾರ್ನರುಗಳಾದರೂ ಸಿಗ್ತಿದ್ವು.

ಹೈಬರಿ_ನೆನಪು

ಕೆಂಪುಬಿಳಿ ಅವರೇ, ನೀವು ಹೇಳಿದ್ದು ನನ್ನನ್ನ ಯೋಚನೆಗೆ ಹಚ್ಚಿತು. ನಾನು ನಮ್ಮ ಹಳೇ ಮೈದಾನ ಹೈಬರಿಯ ಕಾಲದಿಂದ ಈ ತಂಡದ ಹಿಂದೆ ಬಿದ್ದವನು. 2003-04ರಲ್ಲಿ ಒಂದೂ ಸೋಲಿಲ್ಲದೆ ಗೆದ್ದ ತಂಡವನ್ನ ಇಟ್ಟುಕೊಂಡೇ ಎಲ್ಲರನ್ನೂ ಅಳೀತೀನಿ, ಅದು ನನಗೂ ಗೊತ್ತು. ಆದರೆ ಆ ವರ್ಷವೂ 12 ಡ್ರಾ ಇತ್ತು. ಆನ್ರಿ 30 ಗೋಲು ಹೊಡೆದ, ನಿಜ, ಅವನ ಹಿಂದೆ ಪ್ಯಾಟ್ರಿಕ್ ವಿಯೆರಾ, ಗಿಲ್ಬರ್ಟೊ ಕಾವಲು ನಿಂತಿದ್ರು, ಅದೂ ನಿಜ. ಕಾವಲುಗಾರರು ಇಬ್ಬರು ಇದ್ದರು. ಮೂರನೆಯವನ ಜಾಗದಲ್ಲಿ ಬರ್ಗ್‌ಕ್ಯಾಂಪ್ ಇದ್ದ.

ಹೊಸ ಕ್ರೀಡಾಂಗಣಕ್ಕೆ 2006ರಲ್ಲಿ ಹೋದ ಮೇಲಿನ ವರ್ಷಗಳು ನೆನಪಾದರೆ ಈಗಲೂ ಹೊಟ್ಟೆ ಕಿವುಚುತ್ತೆ. ಸಾಲ ತೀರಿಸೋಕೆ 2011ರಲ್ಲಿ ಫಾಬ್ರೆಗಾಸ್, ನಾಸ್ರಿ, 2012ರಲ್ಲಿ ವಾನ್ ಪರ್ಸಿ, ಒಬ್ಬೊಬ್ಬರನ್ನೇ ಬಿಟ್ಟುಕೊಡ್ತಾ ಹೋದೆವು. ಆಗಿನ ಕೋಚ್ ವೆಂಗರ್ ಹತ್ತಿರ ಧೈರ್ಯ ಇತ್ತು, ಆಳಿರಲಿಲ್ಲ. ಈಗ ಆಳಿದ್ದಾರೆ. ಅದಕ್ಕೇ ಇಷ್ಟು ತಳಮಳ ನನಗೆ. ಇಂಥ ತಂಡ ಕೈಯಲ್ಲಿಟ್ಟುಕೊಂಡು ನಾಲ್ಕನೇ ಸಲವೂ ಎರಡನೇ ಸ್ಥಾನಕ್ಕೆ ನಿಂತರೆ ತಡೆದುಕೊಳ್ಳೋದು ಕಷ್ಟ.

ಆರ್ಟೆಟಾ ಹೋಗಬೇಕು ಅಂತ ನಾನು ಯಾವತ್ತೂ ಅಂದವನಲ್ಲ, ಅನ್ನೋದೂ ಇಲ್ಲ. ಎರಡು ಸೀಸನ್ ಸತತವಾಗಿ ಎಂಟನೇ ಸ್ಥಾನದಲ್ಲಿ ಬಿದ್ದಿದ್ದ ತಂಡವನ್ನ ಇಲ್ಲಿಗೆ ತಂದವರು ಅವರು. ಅವರು ಕಟ್ಟಿದ ತಂಡದ ಮೇಲೆ ಅವರೇ ಇನ್ನೊಂದಿಷ್ಟು ನಂಬಿಕೆ ಇಡಲಿ ಅನ್ನೋದಷ್ಟೇ ನನ್ನ ಬೇಡಿಕೆ.

ಎಡಗಾಲು

ಹಾಗಾದ್ರೆ ಸೆಪ್ಟೆಂಬರ್ 13ಕ್ಕೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು ಯಾರನ್ನ ಇಳಿಸ್ತೀರಿ ಅಣ್ಣ? ನಮ್ಮ ಮೈದಾನ. ಸಾಕಾ, ಸಲೀಬಾ ಇರ್ತಾರೋ ಇಲ್ವೋ, ಇರಲ್ಲ ಅಂತಾನೇ ಇಟ್ಕೊಳ್ಳಿ. ಫಾರೆಸ್ಟ್‌ಗೆ ಲೋನ್ ಮೇಲೆ ಹೋದ ಝಿಂಚೆಂಕೊನೂ ಅವರ ಕಡೆಯಿಂದ ಆಡೋ ಹಾಗಿಲ್ಲ, ಲೋನ್ ಕೊಟ್ಟ ಕ್ಲಬ್ ವಿರುದ್ಧ ಆಡೋಕೆ ಲೀಗ್ ಬಿಡಲ್ಲ. ಆಮೇಲೆ 16ಕ್ಕೆ ಬಿಲ್ಬಾವೊ, 21ಕ್ಕೆ ಸಿಟಿ. ಒಂಬತ್ತು ದಿನಕ್ಕೆ ಮೂರು ಮ್ಯಾಚು.

ಹೈಬರಿ_ನೆನಪು

ರಾಯಾ. ಟಿಂಬರ್, ಮೊಸ್ಕೆರಾ, ಗೇಬ್ರಿಯೆಲ್, ಕಲಾಫಿಯೋರಿ. ಮಧ್ಯದಲ್ಲಿ ಝುಬಿಮೆಂಡಿ, ರೈಸ್, ಓಡೆಗಾರ್ಡ್. ಬಲಕ್ಕೆ ಮಡುವೆಕೆ, ಎಡಕ್ಕೆ ಎಝೆ, ಮುಂದೆ ಯೋಕೆರೆಸ್. ಓಡೆಗಾರ್ಡ್ ಭುಜ ಇನ್ನೂ ನೋಯ್ತಿದ್ರೆ ಆ ಜಾಗಕ್ಕೆ ಎನ್ವಾನೇರಿ, ಮೆರಿನೊ ಅಲ್ಲ.

ಉತ್ತರದ_ಗೂನರ್

ಕೊನೀ ಸಾಲು ಓದಿ ಜೀವಕ್ಕ ತಂಪಾತ್ರಿ ಅಣ್ಣಾರ.

ಕಾರ್ನರ್_ಧ್ವಜ

ಮೆರಿನೊ ಬೆಂಚ್ ಮೇಲಾದರೂ ಇರಲಿ. 70ನೇ ನಿಮಿಷಕ್ಕೆ ಕಾರ್ನರ್ ಸಿಕ್ಕಿದಾಗ ಆ ತಲೆ ಬೇಕು ನನಗೆ.